ಹಾಸನದಲ್ಲಿ ಹೆಂಡತಿ, ಬೇಲೂರಿನ ಹತ್ತಿರ ಕೂಸು: 24 ದಿನ ಹಾಲು ಸಾಗಿಸಿದ ಅನುಭವ

ಮಗುವಿಗೆ ಮೂರು ತಿಂಗಳು ತುಂಬಿದ ವಾರದಲ್ಲೇ ನನ್ನ ಹೆಂಡತಿಗೆ ಅಪೆಂಡಿಕ್ಸ್ ಒಡೆದು, ಹೊಟ್ಟೆಯಲ್ಲಿ ಕೀವಾಗಿ, ಹಾಸನದಲ್ಲಿ ತುರ್ತು ಆಪರೇಷನ್ ಆಯಿತು. 11 ದಿನ ಆಸ್ಪತ್ರೆ. ಆಮೇಲೆ 13 ದಿನ ಹಾಸನದ ಬಾಡಿಗೆ ಮನೆಯಲ್ಲಿ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಅಷ್ಟೂ ದಿನ ಮಗು ಬೇಲೂರಿನ ಹತ್ತಿರದ ಊರಿನಲ್ಲಿ ನಮ್ಮ ಅತ್ತೆಯವರ ಬಳಿ ಇತ್ತು. ಮಾವನವರು ಹಾಸಿಗೆ ಹಿಡಿದಿದ್ದರಿಂದ ಅತ್ತೆಯವರು ಹಾಸನಕ್ಕೆ ಬಂದು ಉಳಿಯುವ ಹಾಗಿರಲಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಿ ಬಂದು ಉಳಿಯಬಹುದಾದರೆ ಅದನ್ನೇ ಮಾಡಿ, ಮಗುವನ್ನು ಅಮ್ಮನಿಂದ 40 ಕಿಲೋಮೀಟರ್ ದೂರ ಕಳಿಸಬೇಡಿ. ಬೇರೆ ದಾರಿಯೇ ಇಲ್ಲದವರಿಗೆ ಈ ಬರಹ.

ಇಂಥ ದಿನಗಳಲ್ಲಿ ಕೈತಪ್ಪುವುದು ಎರಡು: ತಾಯಿಯ ಹಾಲು, ಮಗುವಿಗೆ ನಮ್ಮ ಗುರುತು. ಎರಡನ್ನೂ ಗಡಿಯಾರ ನೋಡಿ ಮಾಡುವ ಸಣ್ಣ ಸಣ್ಣ ಕೆಲಸಗಳಿಂದ ಉಳಿಸಿಕೊಳ್ಳಬಹುದು. ಅಮ್ಮ ಹಾಸಿಗೆಯಿಂದ ಏಳಲಾರಳು, ಅಜ್ಜಿ ಮಗುವನ್ನು ಬಿಟ್ಟು ಬರಲಾರರು. ಆ ಕೆಲಸ ಅಪ್ಪನದೇ.

ಮೊದಲು ಹಾಲಿನ ವಿಷಯ. ಎದೆ ಖಾಲಿಯಾದಷ್ಟೂ ಹಾಲು ಬರುತ್ತದೆ. ಖಾಲಿ ಮಾಡದೆ ಬಿಟ್ಟರೆ ಕಟ್ಟಿಕೊಂಡು ಗಂಟಾಗುತ್ತದೆ, ಜ್ವರ ಬರುತ್ತದೆ, ಕೆಲವೇ ದಿನಗಳಲ್ಲಿ ಹಾಲು ಇಳಿಯುತ್ತದೆ. ಆಪರೇಷನ್ ಆದವಳಿಗೆ ಆ ಜ್ವರ ಇನ್ನೊಂದು ತೊಂದರೆ ತರುತ್ತದೆ. ಅದು ಗಾಯದ್ದೋ ಎದೆಯದ್ದೋ ಎಂದು ಡಾಕ್ಟರಿಗೂ ಗೊಂದಲ. ಹಾಗಾಗಿ ಅಡ್ಮಿಟ್ ಆದ ದಿನವೇ ಡ್ಯೂಟಿ ಸಿಸ್ಟರಿಗೂ ಅರಿವಳಿಕೆ ಡಾಕ್ಟರಿಗೂ 'ಹಾಲೂಡಿಸುವ ತಾಯಿ' ಎಂದು ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಒಮ್ಮೆ ಹಾಲು ತೆಗೆಯಿರಿ. ಪೂರ್ತಿ ಎಚ್ಚರವಾದ ಮೇಲೆ ತೆಗೆದ ಹಾಲನ್ನು ಸಾಮಾನ್ಯವಾಗಿ ಮಗುವಿಗೆ ಕೊಡಬಹುದು, ಅರಿವಳಿಕೆ ಕೊಟ್ಟರೆಂದು 24 ಗಂಟೆಯ ಹಾಲು ಚೆಲ್ಲಬೇಕಿಲ್ಲ.

ಔಷಧಿಗಳ ಪಟ್ಟಿಯನ್ನು ನಾನು ಒಂದು ಚೀಟಿಯಲ್ಲಿ ಬರೆದು ಮಕ್ಕಳ ಡಾಕ್ಟರಿಗೆ ತೋರಿಸುತ್ತಿದ್ದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಸೆಫ್ಟ್ರಯಾಕ್ಸೋನ್, ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್ ನಡೆಯುವಾಗ ಹಾಲು ಕೊಡಬಹುದು. ಮಗುವಿಗೆ ಸ್ವಲ್ಪ ಭೇದಿಯಾದೀತು, ಗಮನಿಸಬೇಕು ಅಷ್ಟೆ. ನೋವಿಗೆ ಟ್ರಮಡಾಲ್ ಅಥವಾ ಕೊಡೀನ್ ಬರೆದರೆ ಮಾತ್ರ ಬದಲಿ ಕೇಳಿ, ಅವು ಮಗುವಿನ ಉಸಿರಾಟವನ್ನು ಮಂದ ಮಾಡಬಲ್ಲವು. ಸಿ.ಟಿ. ಸ್ಕ್ಯಾನಿಗೆ ಹಾಕುವ ಅಯೋಡಿನ್ ಡೈ ಹಾಲಿಗೆ ಬರುವುದು ಶೇ. 1ಕ್ಕಿಂತಲೂ ಕಡಿಮೆ, ಅದರಲ್ಲೂ ಮಗುವಿನ ಹೊಟ್ಟೆ ಹೀರುವುದು ತೀರಾ ಅಲ್ಪ. 'ಔಷಧಿ ನಡೀತಿದೆ, ಹಾಲು ಹಿಂಡಿ ಚೆಲ್ಲಿ' ಎಂದು ಯಾರಾದರೂ ಹೇಳಿದರೆ ಯಾವ ಔಷಧಿಗೆ ಎಂದು ಕೇಳಿ. ಹೆಸರು ತಿಳಿದರೆ ಉತ್ತರ ಸಿಗುತ್ತದೆ.

ವೇಳೆ ಹೀಗಿತ್ತು: 6, 9, 12, 3, ಮತ್ತೆ 6, 9, 12, 3. ದಿನಕ್ಕೆ ಎಂಟು ಸಲ. ರಾತ್ರಿ ಮೂರರದ್ದನ್ನು ಬಿಡುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಹಾಲೂರಿಸುವ ಹಾರ್ಮೋನು ರಾತ್ರಿಯೇ ಹೆಚ್ಚಿರುವುದು. ಹೆಣ್ಣುಮಕ್ಕಳ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡದಿದ್ದರೆ ಅಕ್ಕನೋ ಅತ್ತಿಗೆಯೋ ಉಳಿಯಬೇಕು, ಅವರಿಗೆ ಪಂಪ್ ಜೋಡಿಸುವುದನ್ನು ಹಗಲಲ್ಲೇ ಕಲಿಸಿರಬೇಕು. ಮೊದಲ ಮೂರು ದಿನ ಹೆಂಡತಿಗೆ ಪ್ರಜ್ಞೆಯೇ ಮಸುಕು. ನಾಲ್ಕೈದು ಸಲ ಮಾತ್ರ ಆಯಿತು, ದಿನಕ್ಕೆ 200 ಮಿ.ಲೀ. ಬಂದರೆ ಹೆಚ್ಚು. ಐದನೆಯ ದಿನಕ್ಕೆ 350, ಹತ್ತನೆಯ ದಿನಕ್ಕೆ 500 ದಾಟಿತು, ಮನೆಗೆ ಬಂದ ಮೇಲೆ 600-650ಕ್ಕೆ ನಿಂತಿತು. ಮೊದಲ ದಿನಗಳ ಅಳತೆ ನೋಡಿ ಹಾಲು ಬತ್ತಿತು ಎಂದು ಕೈಬಿಡಬೇಡಿ.

ಪಂಪ್ ಎರಡೂ ಕಡೆ ಒಟ್ಟಿಗೆ ಎಳೆಯುವ ಕರೆಂಟಿನದು, ಪವರ್ ಬ್ಯಾಂಕಿನಲ್ಲೂ ಓಡುವಂಥದ್ದು ಒಳ್ಳೆಯದು. ಹಾಸಿಗೆಯ ಪಕ್ಕದ ಸಾಕೆಟ್ಟನ್ನು ನೆಚ್ಚಿಕೊಳ್ಳಲಾಗದು. ಒಂದು ಸರದಿಗೆ 15-20 ನಿಮಿಷ. ಎಳೆತ ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೋಟಾರ್ ಕೆಟ್ಟಿತೆಂದುಕೊಳ್ಳುವ ಮುಂಚೆ ಬಿಳಿ ಸಿಲಿಕಾನ್ ವಾಲ್ವ್ ನೋಡಿ. ಬಾಯಿ ಹರಿದಿರುತ್ತದೆ, ಇಲ್ಲವೇ ಸರಿಯಾಗಿ ಕೂತಿರುವುದಿಲ್ಲ. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಎದೆಗೆ ಹಿಡಿಯುವ ಕಪ್ಪಿನ ನಳಿಗೆಯಲ್ಲಿ ಮೊಲೆತೊಟ್ಟು ಗೋಡೆಗೆ ಉಜ್ಜುತ್ತಿದ್ದರೆ ಅಳತೆ ಚಿಕ್ಕದಾಯಿತು. ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡರೆ ದೊಡ್ಡದಾಯಿತು. ಎರಡರಲ್ಲೂ ನೋವು ಬರುತ್ತದೆ, ಹಾಲು ಬರುವುದಿಲ್ಲ. ಪಂಪಿಗೆ ಮುಂಚೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಎರಡು ಮೂರು ನಿಮಿಷ ಎದೆಯ ಮೇಲಿಡಿ, ಮಗುವಿನ ವಿಡಿಯೋ ತೋರಿಸಿ. ಹಾಲು ಇಳಿಯುವುದು ಕಣ್ಣಿಗೆ ಕಾಣುವಷ್ಟು ಬೇಗವಾಗುತ್ತದೆ. ಕೊನೆಗೆ ಒಂದೆರಡು ನಿಮಿಷ ಕೈಯಿಂದ ಹಿಂಡಬೇಕು: ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ 2-3 ಸೆಂ.ಮೀ. ಹಿಂದೆ, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಬೆರಳನ್ನು ಚರ್ಮದ ಮೇಲೆ ಜಾರಿಸಬಾರದು. ಕೈಗೆ ಡ್ರಿಪ್ ಹಾಕಿರುವವಳಿಗೆ ಇದು ಆಗದು. ಪರದೆ ಎಳೆದು ಗಂಡನೇ ಮಾಡಬೇಕು, ನಾಚಿಕೆಪಡಬೇಕಾದ್ದು ಏನೂ ಇಲ್ಲ.

ಹಾಲು ತಾಗುವ ಭಾಗಗಳನ್ನೆಲ್ಲ ಪ್ರತಿ ಸಲ ಸೋಪು, ಬಿಸಿನೀರಿನಲ್ಲಿ ತೊಳೆದು, ದಿನಕ್ಕೊಮ್ಮೆ ಮನೆಯಲ್ಲಿ 10 ನಿಮಿಷ ಕುದಿಸುತ್ತಿದ್ದೆ. ವಾರ್ಡಿನ ಸಿಂಕಿನೊಳಗೆ ನೇರವಾಗಿ ಇಡಬಾರದು. ಅದಕ್ಕೆಂದೇ ಒಂದು ಸ್ಟೀಲ್ ಬೋಗುಣಿ ಬೇರೆ ಇರಲಿ.

ಸಾಗಣೆಗೆ ಬೇಕಾದ್ದು: 5 ಲೀಟರಿನ ಐಸ್ ಬಾಕ್ಸ್ ಒಂದು, ಜೆಲ್ ಪ್ಯಾಕ್ ಎಂಟು, ಮುಚ್ಚಳ ಬಿಗಿಯಾಗಿ ಕೂರುವ ಸಣ್ಣ ಬಾಟಲಿಗಳು, ಕಾಗದದ ಪ್ಲಾಸ್ಟರ್, ಪೆನ್ನು. ನಾಲ್ಕು ಜೆಲ್ ಪ್ಯಾಕ್ ಬಾಕ್ಸಿನಲ್ಲಿ, ನಾಲ್ಕು ಮನೆಯ ಫ್ರೀಜರಿನಲ್ಲಿ. ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ ಅದಲು ಬದಲು, ಬಾಕ್ಸಿನ ಹಾಲು ಆಗಲೇ ಮನೆಯ ಫ್ರಿಜ್ಜಿಗೆ. ಪ್ಯಾಕ್ ಕಲ್ಲಿನ ಹಾಗೆ ಗಟ್ಟಿಯಾಗಲು ಸುಮಾರು 12 ಗಂಟೆ ಬೇಕು, ಎರಡು ಜೊತೆ ಬೇಕಾಗುವುದು ಅದಕ್ಕೇ. ತೆಗೆದ ಹಾಲು 25 ಡಿಗ್ರಿಯ ಒಳಗಿನ ಕೋಣೆಯಲ್ಲಿ 4 ಗಂಟೆ, ಗಟ್ಟಿ ಪ್ಯಾಕ್ ಇರುವ ಬಾಕ್ಸಿನಲ್ಲಿ 24 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಬೇಸಿಗೆಯ ವಾರ್ಡು 25 ಡಿಗ್ರಿಯಲ್ಲಿ ಇರುವುದಿಲ್ಲ, ಆದ್ದರಿಂದ ತೆಗೆದ ತಕ್ಷಣ ಬಾಕ್ಸಿಗೆ. ಬಿಡಿ ಐಸ್ ಹಾಕಬೇಡಿ. ಕರಗಿದ ನೀರು ಮುಚ್ಚಳದ ಸಂದಿಯಿಂದ ಹಾಲಿಗೆ ಸೇರುತ್ತದೆ. ಬೆಚ್ಚಗಿನ ಹೊಸ ಹಾಲನ್ನು ತಣ್ಣಗಿನ ಹಳೆಯದಕ್ಕೆ ಸುರಿಯಬಾರದು, ತಣ್ಣಗಾದ ಮೇಲೆ ಸೇರಿಸಬಹುದು.

ಪ್ರತಿ ಬಾಟಲಿಗೂ ತಾರೀಕು, ಗಂಟೆ, ಎಷ್ಟು ಮಿ.ಲೀ. ಎಂದು ಚೀಟಿ. 60 ಮತ್ತು 90 ಮಿ.ಲೀ.ಗಿಂತ ದೊಡ್ಡದು ಮಾಡಲಿಲ್ಲ, ಏಕೆಂದರೆ ಮಗು ಬಾಯಿಟ್ಟು ಬಿಟ್ಟದ್ದನ್ನು 2 ಗಂಟೆಯೊಳಗೆ ಕುಡಿಸದಿದ್ದರೆ ಚೆಲ್ಲಬೇಕು. ಮೂರು ಗಂಟೆ ರಾತ್ರಿಯಲ್ಲಿ ಎದ್ದು ಹಿಂಡಿದ ಹಾಲನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ಆಗ ತಪ್ಪು ನಡೆಯುತ್ತದೆ. ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಬೇಲೂರು, ಅಲ್ಲಿಂದ ಊರು. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎರಡು ಗಂಟೆ. ಅಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಅಲ್ಲ, ಒಳಗೆ ಹಿಂಬದಿಗೆ ಇಡಬೇಕು; ಹಳೆಯದು ಮುಂದೆ, ಹೊಸದು ಹಿಂದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಬರುವ ಹೊತ್ತು ಹೇಳಲಾಗದು. ಎರಡು ಬಾಟಲಿ ನೀರನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಟ್ಟು, ಕರೆಂಟ್ ಹೋದ ಕೂಡಲೇ ಹಾಲಿನ ಪಕ್ಕಕ್ಕೆ ಇಡಲು ಅತ್ತೆಯವರಿಗೆ ಹೇಳಿದ್ದೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ.

ಇಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಲ್ಲುತ್ತದೆ. ಕೆಟ್ಟಿದೆಯೆಂದು ಚೆಲ್ಲಬಾರದು, ಬಾಟಲಿಯನ್ನು ಮೆಲ್ಲಗೆ ಸುತ್ತಾಡಿಸಿದರೆ ಬೆರೆಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೆ ಕಾಯಿಸಬಾರದು. ಹಸುವಿನ ಹಾಲು ಕಾಯಿಸಿಯೇ ಅಭ್ಯಾಸವಿರುವ ಅಡುಗೆಮನೆಯಲ್ಲಿ ಇದನ್ನು ಮೂರು ಸಲ ಹೇಳಬೇಕಾಗುತ್ತದೆ.

ಕುಡಿಸುವುದು ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ. ಇದು ನಾವು ಮಾಡಿದ ಅತಿ ಒಳ್ಳೆಯ ಆಯ್ಕೆ. ಬಾಟಲಿಯ ನಿಪ್ಪಲಿನಿಂದ ಹಾಲು ತಾನಾಗಿ ಸುರಿಯುವುದು ರೂಢಿಯಾದರೆ ಮಗು ಆಮೇಲೆ ಎದೆಯಲ್ಲಿ ಶ್ರಮಪಟ್ಟು ಚೀಪಲು ಒಪ್ಪದಿರಬಹುದು, ಮೇಲಾಗಿ ನಿಪ್ಪಲ್ ಶುಚಿ ಮಾಡುವುದು ಕಷ್ಟ. ಮಗುವನ್ನು ಅರ್ಧ ಕೂರಿಸಿದ ಹಾಗೆ ತೊಡೆಯ ಮೇಲಿಟ್ಟು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿ ಮುಟ್ಟುವಷ್ಟು ಮಾತ್ರ ಬಗ್ಗಿಸಬೇಕು. ಮಗು ತಾನೇ ನೆಕ್ಕಿ ನುಂಗಬೇಕು. ಮಲಗಿಸಿ ಗಂಟಲಿಗೆ ಸುರಿದರೆ ನೆತ್ತಿಗೇರುತ್ತದೆ. ಮೊದಲ ಎರಡು ದಿನ ಅರ್ಧ ಹಾಲು ಎದೆಬಟ್ಟೆಗೇ ಹೋಗುತ್ತದೆ, ಮೂರನೆಯ ದಿನಕ್ಕೆ ಕಲಿಯುತ್ತದೆ.

ತಾಯಿಯ ಹಾಲು ಸಾಲದ ಭಾಗಕ್ಕೆ ಮಕ್ಕಳ ಡಾಕ್ಟರು ಬರೆದ ಪುಡಿ ಹಾಲು. ಈ ವಯಸ್ಸಿನ ಮಗುವಿಗೆ ದಿನಕ್ಕೆ ಒಟ್ಟು 750-800 ಮಿ.ಲೀ. ಬೇಕಾಗುತ್ತದೆ, ಕೊರತೆ ಎಷ್ಟೆಂದು ಅದರಿಂದ ಲೆಕ್ಕ ಹಾಕಿದೆವು. ನಮ್ಮ ಡಬ್ಬಿಯಲ್ಲಿ 30 ಮಿ.ಲೀ. ನೀರಿಗೆ ಅಂಚಿಗೆ ಸಮಮಾಡಿದ ಒಂದು ಚಮಚ ಎಂದಿತ್ತು; ನಿಮ್ಮ ಡಬ್ಬಿ ಓದಿಕೊಳ್ಳಿ. ನೀರು ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗೆ, ಇನ್ನೂ 70 ಡಿಗ್ರಿಗಿಂತ ಮೇಲಿರುವಾಗಲೇ ಪುಡಿ ಬೆರೆಸಿ, ಆಮೇಲೆ ಆರಿಸಿ. ಪುಡಿಯಲ್ಲಿರಬಹುದಾದ ರೋಗಾಣು ಸಾಯುವುದು ಆ ಬಿಸಿಗೇ. ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸಿದರೆ ಮಗು ಸೊರಗುತ್ತದೆ, ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಕೂಡ ಬರಬಹುದು. ಮನೆಯ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವುದು, ರಾಗಿ ಸರಿ ಶುರು ಮಾಡುವುದು, ಜೇನು ನೆಕ್ಕಿಸುವುದು, ಬಜೆ ತೇಯುವುದು ಯಾವುದೂ ಬೇಡವೆಂದು ಮೊದಲ ದಿನವೇ ಅತ್ತೆಯವರ ಹತ್ತಿರ ಕೂತು ಕಾರಣ ಸಮೇತ ಮಾತಾಡಿದೆ. ಫೋನಿನಲ್ಲಿ ಹೇಳಿದರೆ ಅದು ಆಕ್ಷೇಪಣೆಯಂತೆ ಕೇಳಿಸುತ್ತದೆ. ಮಗು ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಬೇಡ ಎಂಬುದನ್ನೂ ಆಗಲೇ ಹೇಳಿದೆ. ಮಲೆನಾಡಿನ ಚಳಿಗೆ ಬಾಗಿಲು ಮುಚ್ಚಿ ಕೆಂಡವಿಟ್ಟರೆ ವಾಸನೆಯೇ ಇಲ್ಲದ ವಿಷಾನಿಲ ತುಂಬುತ್ತದೆ.

ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕೊಟ್ಟಿದ್ದೆ: ಗಂಟೆ, ಯಾವ ಹಾಲು, ಎಷ್ಟು ಮಿ.ಲೀ., ಉಚ್ಚೆ, ಕಕ್ಕ, ನಿದ್ದೆ. ರಾತ್ರಿ 8ಕ್ಕೆ ಅದರ ಫೋಟೋ ವಾಟ್ಸ್ಆ್ಯಪಿಗೆ. 'ಮಗು ಚೆನ್ನಾಗಿದೆ' ಎಂಬ ಮಾತಿಗಿಂತ ಅಮ್ಮನಿಗೆ ಆ ಹಾಳೆ ಧೈರ್ಯ ಕೊಡುತ್ತದೆ, ತಾನು ಹಿಂಡಿದ 90 ಮಿ.ಲೀ. ಎಷ್ಟು ಗಂಟೆಗೆ ಯಾರ ಹೊಟ್ಟೆ ಸೇರಿತು ಎಂದು ಅದರಲ್ಲಿರುತ್ತದೆ. 24 ಗಂಟೆಯಲ್ಲಿ ಆರು ಸಲಕ್ಕಿಂತ ಕಡಿಮೆ ಉಚ್ಚೆಯಾದರೆ ಹಾಲು ಸಾಲುತ್ತಿಲ್ಲ. ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಕ; 100 ಗ್ರಾಂ ಮೇಲೆ ಏರಿದರೆ ಚಿಂತೆ ಇಲ್ಲ. ಜ್ವರ 100.4 ಡಿಗ್ರಿ ದಾಟಿದರೆ, ಹಾಲು ಬೇಡವೆಂದರೆ, ಮಂಕಾದರೆ ನನ್ನನ್ನು ಕಾಯದೆ ಬೇಲೂರಿನ ಆಸ್ಪತ್ರೆಗೆ ಎಂದು ಪುಸ್ತಕದ ಮೊದಲ ಹಾಳೆಯಲ್ಲೇ ದಪ್ಪ ಅಕ್ಷರದಲ್ಲಿ ಬರೆದಿತ್ತು, ಪಕ್ಕದಲ್ಲಿ 108.

ಈ ಗಡಿಬಿಡಿಯಲ್ಲಿ ಲಸಿಕೆ ಮರೆತುಹೋಗುತ್ತದೆ. ನಮ್ಮ ಮಗುವಿಗೆ ಆಗ 14ನೆಯ ವಾರದ ಸರದಿ: ಪೆಂಟಾವೇಲೆಂಟ್ ಮೂರನೆಯದು, ಪೋಲಿಯೋ ಹನಿ, ಪೋಲಿಯೋ ಇಂಜೆಕ್ಷನ್, ರೋಟಾ, ನ್ಯೂಮೋಕಾಕಲ್. ಲಸಿಕೆಗಳನ್ನು ಬರೆದಿಡುವ 'ತಾಯಿ ಕಾರ್ಡ್' ಅನ್ನು ಯಾರು ತೋರಿಸಿದರೂ ಬೇರೆ ಊರಿನಲ್ಲೂ ಹಾಕುತ್ತಾರೆ. ಕಾರ್ಡ್ ಅಮ್ಮನ ಬ್ಯಾಗಿನಲ್ಲಿ ಆಸ್ಪತ್ರೆ ಸೇರಿರುತ್ತದೆ, ಮೊದಲ ಸಾಗಣೆಯಲ್ಲೇ ಕಳಿಸಿ. ಅತ್ತೆಯವರ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರೆ ದಿನ ಹೇಳುತ್ತಾರೆ.

ಇನ್ನು ಗುರುತಿನ ಮಾತು. ಮೂರು ತಿಂಗಳ ಮಗುವಿಗೆ ಫೋನಿನ ಪರದೆಯ ಮುಖಕ್ಕಿಂತ ದನಿ ಹೆಚ್ಚು. ದಿನವೂ ಸ್ನಾನ ಮಾಡಿಸಿದ ಮೇಲೆ, ನಿದ್ದೆಗೆ ಜಾರುವ ಮುಂಚೆ, ಐದೇ ನಿಮಿಷ, ಒಂದೇ ಹೊತ್ತು. ಮೊದಲು ಅಮ್ಮ, ಆಮೇಲೆ ನಾನು, ಅದೇ ಮಾತು, ಅದೇ ಜೋಗುಳ. ಹಸಿವಿನ ಹೊತ್ತಿನಲ್ಲಿ ಕರೆ ಮಾಡಬೇಡಿ: ಮಗು ಅಳುತ್ತದೆ, ಅಮ್ಮ ಅಳುತ್ತಾಳೆ, ಹೊಲಿಗೆ ನೋಯುತ್ತದೆ. ಅಮ್ಮ ಉಟ್ಟ ಹತ್ತಿ ಸೀರೆಯ ತುಂಡನ್ನು ಹೋದಾಗೆಲ್ಲ ಬದಲಿಸಿ ಕೊಡುತ್ತಿದ್ದೆ. ಎತ್ತಿಕೊಳ್ಳುವವರ ಹೆಗಲ ಮೇಲೆ ಅದು ಇರಬೇಕು, ಮಲಗಿದ ಮಗುವಿನ ಮುಖದ ಹತ್ತಿರ ಇರಬಾರದು. ಅದೇ ರೀತಿ ಮಗುವಿನ ಒಗೆಯದ ಜುಬ್ಬ ಒಂದು ವಾರ್ಡಿಗೆ ಬರುತ್ತಿತ್ತು, ಹಾಲು ಹಿಂಡುವಾಗ ಅವಳು ಅದನ್ನು ಹತ್ತಿರ ಇಟ್ಟುಕೊಳ್ಳುತ್ತಿದ್ದಳು.

ಹೋದ ದಿನ ಬಾಗಿಲಿಂದ ಸೀದಾ ಮಗುವಿನ ಹತ್ತಿರ ಓಡುವ ಆಸೆ ತಡೆಯಬೇಕು. ಆಸ್ಪತ್ರೆಯ ಬಟ್ಟೆ ಬದಲಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು, ಅಜ್ಜಿಯ ತೊಡೆಯ ಮೇಲಿದ್ದ ಹಾಗೆಯೇ ಹತ್ತು ನಿಮಿಷ ಮಾತಾಡಿಸಿ, ಆಮೇಲೆ ಎತ್ತಿಕೊಳ್ಳುವುದು. ಆ ನಂತರ ಒಂದು ಪೂರ್ತಿ ಸುತ್ತು ನನ್ನದೇ: ಒಳಲೆ, ತೇಗು, ಬಟ್ಟೆ ಬದಲು, ನಿದ್ದೆ. ಕಿಸೆಯಿಂದ ಫೋನ್ ತೆಗೆಯದೆ ಮೂರು ಗಂಟೆ. ಮಧ್ಯಾಹ್ನದ ಬಸ್ಸಿಗೆ ಹೊರಡುವಾಗ ಎದೆ ಭಾರವಾಗುತ್ತದೆ. ಅತ್ತೆಯವರಿಗೂ ಆ ಮೂರು ಗಂಟೆ ಬೆನ್ನು ಚಾಚಲು ಸಿಗುವ ಏಕೈಕ ಹೊತ್ತು, ಆದ್ದರಿಂದ ಒಂದು ಸರದಿಯನ್ನೂ ತಪ್ಪಿಸಬಾರದು.

24ನೆಯ ದಿನ ಮಗು ಹಾಸನಕ್ಕೆ ಬಂತು, ನಾಲ್ಕು ದಿನ ಜೊತೆಗಿರಲು ಅತ್ತೆಯವರೂ ಬಂದರು. ಮಾವನವರನ್ನು ಅಷ್ಟು ದಿನ ನನ್ನ ಅಕ್ಕ ನೋಡಿಕೊಂಡಳು. ಮತ್ತೆ ಎದೆಗೆ ಹಚ್ಚಲು ಹಸಿದು ಅಳುವ ಹೊತ್ತು ಆಗದು, ಅರೆನಿದ್ದೆಯ ಹೊತ್ತು ಒಳ್ಳೆಯದು. ಮೈಗೆ ಮೈ ತಾಗುವಂತೆ ಮಲಗಿಸಿ, ಎರಡು ಹನಿ ಹಾಲು ತೊಟ್ಟಿಗೆ ಹಿಂಡಿ, ತಾನಾಗಿ ಹುಡುಕಲು ಬಿಡಬೇಕು. ಮೊದಲ ದಿನ ಎರಡು ಸಲ ಹಿಡಿಯಿತು, ಐದನೆಯ ದಿನಕ್ಕೆ ಹೆಚ್ಚುಕಡಿಮೆ ಪೂರ್ತಿ. ಅಲ್ಲಿಯವರೆಗೆ ಪಂಪ್ ನಿಲ್ಲಿಸಲಿಲ್ಲ. ಹೊಟ್ಟೆಯ ಹೊಲಿಗೆಗೆ ಒತ್ತದಂತೆ ಪಕ್ಕಕ್ಕೆ ಮಲಗಿ, ನಡುವೆ ಮಡಿಸಿದ ದುಪ್ಪಟಿ ಇಟ್ಟು ಕುಡಿಸಬೇಕು. ಆರು ಕಿಲೋ ಹತ್ತಿರದ ಮಗುವನ್ನು ಆಪರೇಷನ್ನಿನಿಂದ ಆರು ವಾರದವರೆಗೆ ಅವಳು ಎತ್ತುವಂತಿರಲಿಲ್ಲ. ರಾತ್ರಿ ಮಗುವನ್ನು ತೊಟ್ಟಿಲಿಂದ ಎತ್ತಿ ಅವಳ ಪಕ್ಕಕ್ಕೆ ಇಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗಿಸಿ ಮತ್ತೆ ತೊಟ್ಟಿಲಿಗೆ ಬೆನ್ನಮೇಲೆ ಮಲಗಿಸುವುದು ನನ್ನ ಪಾಲಿಗೆ ಬಂತು. ಮೂರು ಗಂಟೆಯ ಅಲಾರಂ ಆಗಲೂ ಹಾಗೇ ಇತ್ತು.