ಇಳಕಲ್ ಸೆರಗು, 4ಕೆ ಟಿವಿ ಮತ್ತು ನಾನು ಮಾಡಿದ ತಪ್ಪು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ವಿಡಿಯೊ ಅಂಗಡಿ. ಮದುವೆ ಶೂಟಿಂಗ್ ಜೊತೆಗೆ ಹಳೇ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಕೆಲಸ ಈಗ ಜಾಸ್ತಿ. ಹೋದ ವರ್ಷ ಇಳಕಲ್ಲಿನ ಅಕ್ಕ ಒಬ್ಬರು 2004ರ ತಮ್ಮ ಮದುವೆಯ ಮಿನಿ ಡಿವಿ ಕ್ಯಾಸೆಟ್ ತಂದರು. ಮಾಡಿಕೊಟ್ಟೆ. ಎರಡೇ ದಿನಕ್ಕೆ ಫೋನ್ ಬಂತು.

"ತಮ್ಮಾ, ಮನಿಗೆ 43 ಇಂಚಿನ 4ಕೆ ಟಿವಿ ತಂದೀವಿ. ಆದ್ರ ಹಳೇ ಡಬ್ಬಾ ಟಿವ್ಯಾಗ ಕಂಡಷ್ಟು ಚಂದ ಇದರಾಗ ಕಾಣವಲ್ದು. ಸೆರಗಂತೂ ಬರೇ ಕೆಂಪು ಬಣ್ಣ ಬಳದಂಗ ಐತಿ."

ಅವರ ಮನೆಗೇ ಹೋಗಿ ನೋಡಿದೆ. ನಿಜ. ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನಲ್ಲಿ ಕೆಂಪು, ಬಿಳಿ ಬೇರೆಬೇರೆಯಾಗಿ ಎದ್ದು ಕಾಣಬೇಕು, ಅಲ್ವಾ? ಇಲ್ಲಿ ಎರಡೂ ಕಲೆಸಿಹೋಗಿದ್ದವು. ಅಕ್ಕಿಕಾಳು ಹಾಕುವಾಗ ಎಲ್ಲರ ಕೈಗೂ ಬಾಚಣಿಗೆ ಹಲ್ಲಿನಂಥ ಗೆರೆ. ಮದುಮಗಳ ಮುಖ ಅಗಲ.

ಲೆಕ್ಕ ನೋಡಿ. ಆ ಕ್ಯಾಸೆಟ್‌ನ ಚಿತ್ರ 720 ಚುಕ್ಕೆ (ಪಿಕ್ಸೆಲ್) ಅಡ್ಡ, 576 ಚುಕ್ಕೆ ಉದ್ದ. 4ಕೆ ಪರದೆ 3840 ಅಡ್ಡ, 2160 ಉದ್ದ. ಪರದೆ ತುಂಬಾ ಎಳೆದರೆ ಒಂದು ಚುಕ್ಕೆ ಇದ್ದ ಕಡೆ 20 ಚುಕ್ಕೆ ಬೇಕು. ಕ್ಯಾಸೆಟ್‌ನಲ್ಲಿ ಇಲ್ಲದ್ದನ್ನು ಟಿವಿ ಅಕ್ಕಪಕ್ಕ ನೋಡಿ ಅಂದಾಜಿನ ಮೇಲೆ ತುಂಬುತ್ತದೆ. ಹಳೇ ಡಬ್ಬಾ ಟಿವಿಗೆ ಈ ಕಷ್ಟ ಇರಲಿಲ್ಲ. ಅದರ ಪರದೆ ಚಿಕ್ಕದು, ಬಂದ ಗೆರೆಗಳನ್ನು ಬಂದ ಹಾಗೇ ಬಿಡಿಸುತ್ತಿತ್ತು.

ಆದರೆ ದೊಡ್ಡ ತಪ್ಪು ನನ್ನ ಕಡೆಯೇ ಆಗಿತ್ತು. ಆ ಕಾಲದ ಕ್ಯಾಮೆರಾ ಸೆಕೆಂಡಿಗೆ 50 ಅರ್ಧ ಚಿತ್ರ ತೆಗೆಯುತ್ತದೆ: ಒಮ್ಮೆ ಬೆಸ ಗೆರೆಗಳು, ಒಮ್ಮೆ ಸರಿ ಗೆರೆಗಳು. ಇದನ್ನೇ ಇಂಟರ್‌ಲೇಸ್ ಅನ್ನುತ್ತೇವೆ. ನಾನು ಅವನ್ನು ಬಿಡಿಸದೇ ನೇರ 1920×1080ಕ್ಕೆ ಹಿಗ್ಗಿಸಿಬಿಟ್ಟಿದ್ದೆ. ಹಾಗೆ ಮಾಡಿದರೆ ಬೇರೆಬೇರೆ ಗಳಿಗೆಯ ಎರಡು ಗೆರೆಗಳು ಒಂದರೊಳಗೊಂದು ಬೆರೆಯುತ್ತವೆ. ಆಮೇಲೆ ಎಷ್ಟು ಒಳ್ಳೇ ಟಿವಿ ತಂದರೂ ಅವು ಬೇರೆ ಆಗುವುದಿಲ್ಲ. ಅಂಗಡಿಗೆ ಬಂದು ಕ್ಯಾಸೆಟ್ ಮತ್ತೆ ಓಡಿಸಿದೆ. ಈ ಸಲ ಮೊದಲು ಡಿಇಂಟರ್‌ಲೇಸ್ ಮಾಡಿ 50 ಅರ್ಧ ಚಿತ್ರಗಳಿಂದ 50 ಪೂರ್ತಿ ಫ್ರೇಮ್ ಮಾಡಿಕೊಂಡೆ. ಆಮೇಲಷ್ಟೇ ಹಿಗ್ಗಿಸಿದೆ, ಅದೂ ಹಳೇ ಟಿವಿಯ 4:3 ಆಕಾರ ಉಳಿಯುವಂತೆ 1440×1080ಕ್ಕೆ. ಎಡಬಲಕ್ಕೆ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಲಿ. ಮುಖ ಮುಖದ ಹಾಗೇ ಇರಬೇಕು.

1080 ಯಾಕೆ ಅಂದರೆ, ಅದರ ಎರಡರಷ್ಟು ಸರಿಯಾಗಿ 2160. ಒಂದು ಚುಕ್ಕೆಗೆ ಪಕ್ಕಾ ನಾಲ್ಕು ಚುಕ್ಕೆ, ಟಿವಿಗೆ ಕೆಲಸ ಸುಲಭ. ನನ್ನ ಅಂಗಡಿಯ ಹಳೇ ಎಲ್‌ಇಡಿ ಟಿವಿಯದು 1366×768. ಅದಕ್ಕೆ 1280×720ರ ವಿಡಿಯೊ ಕೊಟ್ಟರೂ ಮಸುಕು, 1080 ಕೊಟ್ಟರೂ ಮಸುಕು. ಯಾವುದೂ ಸರಿಯಾಗಿ ಕೂರುವುದಿಲ್ಲ, ಎಲ್ಲವೂ ಪಕ್ಕದ ಚುಕ್ಕೆಗೆ ಚೂರುಚೂರು ಹಂಚಿಹೋಗುತ್ತದೆ.

ಹೊಸ ಫೈಲ್ ಹಿಡಿದು ಮತ್ತೆ ಇಳಕಲ್ಲಿಗೆ ಹೋದೆ. ಹಾಕಿದರೆ ಇನ್ನೂ ಏನೋ ಕೊರತೆ. ಒಂದು ಬಿಳಿ ಗೆರೆ, ಒಂದು ಕಪ್ಪು ಗೆರೆ, ಹೀಗೆ ಒಂದೊಂದೇ ಚುಕ್ಕೆ ದಪ್ಪದ 1920×1080 ಚಿತ್ರವೊಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದೆ. ಅದನ್ನು ತೆರೆದೆ. ಗೆರೆಗಳು ಎಲ್ಲೆಡೆ ಒಂದೇ ಸಮ ಇರಬೇಕಿತ್ತು, ನಡುನಡುವೆ ಬೂದು ಪಟ್ಟೆ ಕಂಡವು. ಟಿವಿ ಅಂಚನ್ನು ಸ್ವಲ್ಪ ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುತ್ತಿತ್ತು, ಓವರ್‌ಸ್ಕ್ಯಾನ್. ಪಿಕ್ಚರ್ ಸೈಜ್ ಮೆನುವಿನಲ್ಲಿ ಅದನ್ನು ಬಂದ್ ಮಾಡಿದೆ. ಹಾಗೆ ಬಂದ್ ಮಾಡುವ ಆಯ್ಕೆಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಸ್ಕ್ರೀನ್ ಫಿಟ್, ಜಸ್ಟ್ ಸ್ಕ್ಯಾನ್ ಹೀಗೆ. ಶಾರ್ಪ್‌ನೆಸ್ ಕೂಡ ತೀರಾ ಇಳಿಸಿದೆ. ಅದು ಜಾಸ್ತಿ ಇದ್ದರೆ ವಿವರ ಹೆಚ್ಚುವುದಿಲ್ಲ, ಸುಮ್ನೆ ಅಂಚಿಗೊಂದು ಬಿಳಿ ಗೆರೆ ಬರುತ್ತದೆ.

ಮತ್ತೆ ಹಾಕಿದಾಗ ಕುಪ್ಪಸದ ಗುಳೇದಗುಡ್ಡ ಖಣದ ಸಣ್ಣ ನೇಯ್ಗೆ ಆಗಲೂ ಪೂರ್ತಿ ಕಾಣಲಿಲ್ಲ. ಅದು ಕ್ಯಾಸೆಟ್‌ನಲ್ಲೇ ಇಲ್ಲ. ಆದರೆ ಸೆರಗಿನ ಬಿಳಿ ತೆನೆಗಳು ಒಂದೊಂದಾಗಿ ಎಣಿಸುವಂತೆ ಬಂದವು. ಅಕ್ಕಿಕಾಳು ಗಾಳಿಯಲ್ಲಿ ಬಿಡಿಬಿಡಿಯಾಗಿ ಬಿದ್ದವು. ಅಕ್ಕ ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದರು.

ಈಗ ಯಾರೇ ಕ್ಯಾಸೆಟ್ ತಂದರೂ ಹಿಗ್ಗಿಸಿದ ಫೈಲ್ ಜೊತೆಗೆ ಮೂಲ ಫೈಲನ್ನೂ ಕೊಡುತ್ತೇನೆ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ದೊಡ್ಡ ಪೆನ್‌ಡ್ರೈವ್ ತನ್ನಿ ಅಂತ ಫೋನಿನಲ್ಲೇ ಹೇಳಿಬಿಡುತ್ತೇನೆ.