ಮಳೆ ಹಿಡಿಯುವ ಮೊದಲಿನ ಬಿಸಿಲು, ನಮ್ಮನೆ ಹಲಸಿನ ಹಪ್ಪಳ

ಬೇಸಿಗೆ ರಜೆಯ ಕೊನೇ ವಾರ ಎಲ್ಲಿಗಾದರೂ ಹೋಗಬೇಕು ಅಂತ ಮಕ್ಕಳು ಹಟ ಹಿಡಿಯುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನಾನು ಅವರನ್ನು ಕರೆದುಕೊಂಡು ಸೀದಾ ಸಾಗರದ ಹತ್ತಿರದ ತವರಿಗೆ ಹೋಗುತ್ತೇನೆ. "ಜೋಗ ನೋಡೋಣ" ಅನ್ನುತ್ತಾರೆ. ಮೇ ತಿಂಗಳಲ್ಲಿ ಜೋಗಕ್ಕೆ ಹೋದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ತೆಳ್ಳನೆಯ ಗೆರೆ. ಉಳಿದದ್ದೆಲ್ಲ ಬಂಡೆ. ಅದಕ್ಕಿಂತ ಅಂಗಳದಲ್ಲಿ ಕೂತು ಹಪ್ಪಳ ಒತ್ತಿದರೆ ರಜೆ ಚೆನ್ನಾಗಿ ಕಳೆಯುತ್ತದೆ ಅನ್ನುವುದು ನನ್ನ ಲೆಕ್ಕ.

ನಮ್ಮ ಕಡೆ ಈ ಹೊತ್ತಿನ ಬಿಸಿಲಿಗೆ ಬೆಲೆ ಜಾಸ್ತಿ. ಮೇ 11ರ ಸುಮಾರಿಗೆ ಕೃತ್ತಿಕಾ ಮಳೆ ಕೂಡುತ್ತದೆ, 25ರ ಹೊತ್ತಿಗೆ ರೋಹಿಣಿ. ಆಮೇಲೆ ಮೃಗಶಿರಾ ಹಿಡಿಯಿತೆಂದರೆ ಸೂರ್ಯನ ಮುಖ ನೋಡುವುದು ಅಪರೂಪ. ಸೌದೆ ಕೊಟ್ಟಿಗೆ ಸೇರಬೇಕು, ದರಕು (ಉದುರಿದ ಒಣ ಎಲೆ) ಒಳಗೆ ಬರಬೇಕು, ಮುರುಗಲು (ಪುನರ್ಪುಳಿ) ಸಿಪ್ಪೆ ಒಣಗಬೇಕು, ಹಪ್ಪಳ ಡಬ್ಬ ತುಂಬಬೇಕು. ಎಲ್ಲಕ್ಕೂ ಅದೇ ನಾಲ್ಕು ಬಿಸಿಲು. ಕೇರಳಕ್ಕೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ 1ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು, 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. ಅದನ್ನು ನೋಡಿದ ಮೇಲೆ ಹಪ್ಪಳದ ಕೆಲಸವನ್ನು ಮೇ ಮೂರನೇ ವಾರದೊಳಗೆ ಮುಗಿಸುವ ಹಾಗೆ ರಜೆ ಹಾಕುತ್ತೇನೆ.

ಹಪ್ಪಳಕ್ಕೆ ಹಲಸು ಬಲಿತಿರಬೇಕು, ಆದರೆ ಹಣ್ಣಾಗಿರಬಾರದು. ಬಲಿತ ಕಾಯಿಯ ಮುಳ್ಳು ಅಗಲವಾಗಿ ಚಪ್ಪಟೆಯಾಗಿರುತ್ತದೆ. ಘಮ ಬಂತೆಂದರೆ ಅದು ತಿನ್ನುವುದಕ್ಕೆ, ಹಪ್ಪಳಕ್ಕಲ್ಲ. ಸ್ವಲ್ಪ ಸಿಹಿ ಇಳಿದಿದ್ದರೂ ಎಣ್ಣೆಗೆ ಹಾಕಿದ ತಕ್ಷಣ ಹಪ್ಪಳ ಕೆಂಪಾಗಿ ಕಹಿ ಬರುತ್ತದೆ. ನಮ್ಮನೆಯಲ್ಲಿ ಬಕ್ಕೆ ಹಲಸೇ ಆಗಬೇಕು, ತೊಳೆ ಗಟ್ಟಿ ಇರುತ್ತದೆ. ಅಣ್ಣ ಮರ ಹತ್ತಿ ಕಾಯಿಗೆ ಹಗ್ಗ ಕಟ್ಟಿ ಇಳಿಸುತ್ತಾನೆ. ಸುಮ್ನೆ ಕೆಡವಿದರೆ ಒಡೆದು ಮಣ್ಣಾಗುತ್ತದೆ.

ಹೆಚ್ಚುವ ಕೆಲಸ ಹಿಂದಿನ ಸಂಜೆಯೇ ಮುಗಿಯಬೇಕು. ಜಗುಲಿಯ ಮೇಲೆ ಹಳೇ ಪೇಪರು ಹಾಸಿ, ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರುತ್ತೇವೆ. ಕಾಯಿ ಎರಡು ಹೋಳಾದ ಕೂಡಲೇ ಮೇಣ ಜಿನುಗುತ್ತದೆ. ಅದನ್ನು ಒಂದು ಕೋಲಿಗೆ ಸುತ್ತಿ ಸುತ್ತಿ ತೆಗೆಯುವ ಕೆಲಸಕ್ಕೆ ಮಕ್ಕಳಲ್ಲಿ ಜಗಳ. ನನ್ನ ಮಗಳ ಕೂದಲಿಗೆ ಮೇಣ ಹತ್ತಿ, ಅವಳ ಅಜ್ಜಿ ಎಣ್ಣೆ ತಿಕ್ಕಿ ಬಿಡಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ನಡುವಿನ ದಿಂಡು, ಸಿಪ್ಪೆ ದನಗಳಿಗೆ. ಬೀಜ ಮಳೆಗಾಲದ ಸಾರಿಗೆ, ಪಲ್ಯಕ್ಕೆ ಮಣ್ಣು ಸವರಿ ಇಡುವುದು. ಗಂಡಸರು ಕಾಯಿ ಇಳಿಸಿ ಕೊಟ್ಟು ಎದ್ದು ಹೋಗುವ ಪದ್ಧತಿ ನಮ್ಮನೆಯಲ್ಲಿ ಮೊದಲು ಇತ್ತು. ಅತ್ತಿಗೆ ಬಂದ ಮೇಲೆ ಅದು ನಿಂತಿತು. "ಭಾವ, ನೀವೂ ಒಂದು ಕತ್ತಿ ತಗೊಳಿ" ಅಂತ ನನ್ನ ಯಜಮಾನರನ್ನೂ ಕೂರಿಸಿಬಿಟ್ಟರು. ಊಟ ಮಾಡಿ ಫೋನು ನೋಡುತ್ತಾ ಕೂರುವವರ ಬಾಯಿಂದ ಹಳೇ ಕತೆಗಳೆಲ್ಲ ಹೊರಬರುವುದು ತೊಳೆ ಬಿಡಿಸುವಾಗಲೇ. ಕೈಗೆ ಮೇಣ ಇರುವಾಗ ಫೋನು ಮುಟ್ಟುವ ಹಾಗಿಲ್ಲ ನೋಡಿ!

ಮಾರನೇ ದಿನ ಬೆಳಗಿನ ಜಾವಕ್ಕೇ ಅಮ್ಮ ಎಬ್ಬಿಸುತ್ತಾರೆ. "ಬಿಸಿಲು ನಿನಗೋಸ್ಕರ ಕಾಯಲ್ಲ ಕಣೇ, ಏಳು." ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟುವ ಕಾಲವಿದು. ಒಂಬತ್ತರೊಳಗೆ ಹಪ್ಪಳ ಚಾಪೆಯ ಮೇಲಿದ್ದರೆ ಮಾತ್ರ ಒಂದು ಪೂರ್ತಿ ಬಿಸಿಲು ಸಿಗುತ್ತದೆ.

ತೊಳೆಯನ್ನು ದೊಡ್ಡ ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸುತ್ತೇವೆ. ನೀರಿನಲ್ಲಿ ಬೇಯಿಸಬಾರದು, ಹಿಟ್ಟು ಪಿಚಕ್ಕೆನ್ನುತ್ತದೆ. ಬೆರಳ ಮಧ್ಯೆ ಇಟ್ಟು ಒತ್ತಿದರೆ ತೊಳೆ ನುಣ್ಣಗಾಗಬೇಕು, ಅಷ್ಟು ಸಾಕು. ಬಿಸಿ ಆರುವುದರೊಳಗೆ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು. ಆರಿದರೆ ಗಂಟು ಉಳಿಯುತ್ತದೆ. ಈಗ ಗ್ರೈಂಡರ್ ಇದೆ, ಅದರಲ್ಲೂ ಆಗುತ್ತದೆ. ಆದರೆ ರುಬ್ಬುವಾಗ ಒಂದು ಹನಿ ನೀರೂ ತಾಗಿಸಬಾರದು. ಒಣಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಚೂರು ಇಂಗು, ಉಪ್ಪು ಬೇರೆಯಾಗಿ ಪುಡಿ ಮಾಡಿ ಸೇರಿಸುತ್ತೇವೆ. ಉಪ್ಪಿನ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಹಸಿ ಹಿಟ್ಟಿನಲ್ಲಿ ಸರಿಯಾಗಿದೆ ಅನ್ನಿಸಿದರೆ ಒಣಗಿದ ಮೇಲೆ ಜಾಸ್ತಿಯೇ ಆಗಿರುತ್ತದೆ.

ಇಲ್ಲೊಂದು ಸುಂಕ ಕಟ್ಟಬೇಕು. ಒರಳಿನಿಂದ ಎತ್ತಿದ ಬಿಸಿ ಹಿಟ್ಟಿನ ಉಂಡೆ, ಮೇಲೆ ಕೊಬ್ಬರಿ ಎಣ್ಣೆ, ಜೊತೆಗೆ ಕಾಯಿ ಚೂರು. ಸುತ್ತ ಕೂತವರೆಲ್ಲ ಒಂದೊಂದು ತಿಂದ ಮೇಲೇ ಕೆಲಸ ಮುಂದಕ್ಕೆ. ನಿಜ ಹೇಳಬೇಕೆಂದರೆ ಕರಿದ ಹಪ್ಪಳಕ್ಕಿಂತ ನನಗೆ ಇದೇ ಇಷ್ಟ.

ಒತ್ತುವುದಕ್ಕೆ ಸಾಲು ಕೂರುತ್ತೇವೆ. ದೊಡ್ಡಮ್ಮ ಉಂಡೆ ಕಟ್ಟುತ್ತಾರೆ, ಸಣ್ಣ ನಿಂಬೆಹಣ್ಣಿನ ಗಾತ್ರ, ಒಂದೂ ಹೆಚ್ಚುಕಮ್ಮಿ ಇಲ್ಲ. ತೊಳೆದು ಕತ್ತರಿಸಿದ ಹಾಲಿನ ಕವರಿಗೆ ಎಣ್ಣೆ ಸವರಿ, ಉಂಡೆಯನ್ನು ಅದರ ನಡುವೆ ಇಟ್ಟು, ಮಣೆಯಿಂದ ಒತ್ತುವುದು ಅತ್ತಿಗೆ ಮತ್ತು ನಾನು. ಒಂದೇ ಸಲ ಜೋರಾಗಿ ಒತ್ತಿದರೆ ಅಂಚು ಸೀಳುತ್ತದೆ. ಮಣೆ ಇಟ್ಟು ಮೊದಲು ಮೆಲ್ಲಗೆ ಒತ್ತಿ, ಕವರನ್ನು ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಒತ್ತಬೇಕು. ಮೇಲಿನ ಕವರು ಎತ್ತಿ, ಹಪ್ಪಳವನ್ನು ಅಂಗೈ ಮೇಲೆ ಬೋರಲು ಹಾಕಿಕೊಂಡು, ಕೆಳಗಿನ ಕವರು ಸುಲಿದು ಚಾಪೆಗೆ ಹಾಕುವುದು ಮಕ್ಕಳ ಪಾಲು. ಅಣ್ಣನ ಚಿಕ್ಕ ಮಗ ಹಾಕಿದ್ದು ಮಡಚಿಕೊಂಡು ಏನೇನೋ ಆಕಾರಕ್ಕೆ ಬರುತ್ತವೆ. ಯಾರೂ ತಿದ್ದುವುದಿಲ್ಲ. ಎಣ್ಣೆಯಲ್ಲಿ ಎಲ್ಲವೂ ಉಬ್ಬುತ್ತವೆ ತಾನೆ.

ಚಾಪೆ ಬೇಡ, ಪ್ಲಾಸ್ಟಿಕ್ ಹಾಳೆ ಸಲೀಸು ಅಂತ ಹಲವರು ಹೇಳುತ್ತಾರೆ. ಬಿಡಿಸುವುದು ಸುಲಭ, ನಿಜ. ಆದರೆ ಚಾಪೆಯ ಗೆರೆ ಹಪ್ಪಳದ ಮೇಲೆ ಅಚ್ಚಾಗುತ್ತದಲ್ಲ, ಕರಿದ ಮೇಲೂ ಅದು ಕಾಣುತ್ತದೆ. ಆ ಗೆರೆ ಇಲ್ಲದ ಹಪ್ಪಳ ನನಗೆ ಅಂಗಡಿಯದು ಅನ್ನಿಸುತ್ತದೆ.

ಆಮೇಲೆ ಕಾಯುವ ಕೆಲಸ. ಕಾಗೆ ಬರುತ್ತದೆ, ಕೋಳಿ ಬರುತ್ತದೆ, ನಾಯಿ ಚಾಪೆ ದಾಟಿಕೊಂಡೇ ಓಡಾಡುತ್ತದೆ. ಒಂದು ಕೋಲು ಕೊಟ್ಟು ಮಕ್ಕಳನ್ನು ಪಾಳಿಯ ಮೇಲೆ ಮಾವಿನ ಮರದ ನೆರಳಿಗೆ ಕೂರಿಸುತ್ತೇವೆ. ಕಾಗೆಗಿಂತ ಕಾಯುವವರೇ ಜಾಸ್ತಿ ತಿನ್ನುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಅರ್ಧ ಒಣಗಿದ ಹಪ್ಪಳದ ರುಚಿಯೇ ಬೇರೆ, ಅಲ್ವಾ? ಹಾಗಾಗಿ ಅಮ್ಮ ಮೊದಲೇ ಒಂದು ಸಾಲನ್ನು ಅವರಿಗೆಂದೇ ಬಿಟ್ಟುಬಿಡುತ್ತಾರೆ. ಪಾಳಿ ಇಲ್ಲದವರು ಹೊಳೆಗೆ ಹೋಗುತ್ತಾರೆ. ಮೊಣಕಾಲು ಮುಳುಗುವಷ್ಟು ನೀರು ಉಳಿದಿರುತ್ತದೆ, ದೊಡ್ಡವರು ಒಬ್ಬರು ಜೊತೆಗಿದ್ದರೆ ಹೆದರಿಕೆಯಿಲ್ಲ. ತಿರುಗಿ ಬರುವಾಗ ಜೇಬಿನ ತುಂಬ ಕಾಟುಮಾವಿನ ಹಣ್ಣು. ಮಧ್ಯಾಹ್ನದ ಊಟಕ್ಕೆ ಅದರದ್ದೇ ಗೊಜ್ಜು.

ಅಂಚು ತಾನಾಗಿ ಮೇಲೆದ್ದರೆ ಹಪ್ಪಳ ಮಗುಚುವ ಹೊತ್ತು. ಅವಸರ ಮಾಡಿ ಕಿತ್ತರೆ ಹರಿಯುತ್ತದೆ. ಗಾಳಿ ತಣ್ಣಗಾದ ಕೂಡಲೇ ಯಾರೋ ಒಬ್ಬರು "ಬಂತು ಬಂತು" ಅಂತ ಕೂಗುತ್ತಾರೆ. ಚಾಪೆಯ ನಾಲ್ಕು ಮೂಲೆ ಹಿಡಿದು ಜಗುಲಿಗೆ ಓಡುವುದೇ. ಮಾರನೇ ದಿನ ಮತ್ತೆ ಬಿಸಿಲಿಗೆ. ಎರಡು ಮೂರು ಒಳ್ಳೇ ಬಿಸಿಲು ಸಿಕ್ಕಿದರೆ ಮುರಿದಾಗ ಟಪ್ಪೆನ್ನುತ್ತದೆ. ಬಾಗಿದರೆ ಇನ್ನೂ ಹಸಿ ಇದೆ ಅಂತ ಲೆಕ್ಕ, ಅಂಥದ್ದು ಡಬ್ಬಕ್ಕೆ ಹೋದರೆ ಪಕ್ಕದವಕ್ಕೂ ಬೂಸಲು ಹಿಡಿಸುತ್ತದೆ.

ಕೊನೆಗೆ ಪಾಲು. ಅಮ್ಮ ಐವತ್ತೈವತ್ತು ಎಣಿಸಿ, ದೊಡ್ಡದು ಚಿಕ್ಕದು ಹೊಂದಿಸಿ, ಬಾಳೆ ನಾರಿನಲ್ಲಿ ಕಟ್ಟು ಕಟ್ಟುತ್ತಾರೆ. ಊರಿನ ಪಾಲು ತಗಡಿನ ಡಬ್ಬದಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಆಷಾಢದ ತೇವಕ್ಕೂ ಅಲ್ಲಿ ಮೆತ್ತಗಾಗುವುದಿಲ್ಲ. ಬೆಂಗಳೂರಿಗೆ ತರುವ ಕಟ್ಟುಗಳನ್ನು ನಾನು ಡಬ್ಬದಲ್ಲಿ ನಿಲ್ಲಿಸಿ, ಸಂದಿಯಲ್ಲಿ ಮಕ್ಕಳ ಬನಿಯನ್ನು ತುರುಕುತ್ತೇನೆ. ಅಲುಗಾಡಲು ಜಾಗ ಇಲ್ಲದಿದ್ದರೆ ರಾತ್ರಿ ಬಸ್ಸಿನ ಕುಲುಕಾಟಕ್ಕೂ ಒಂದೂ ಪುಡಿಯಾಗುವುದಿಲ್ಲ.