ಚಿಂದಿ ಬಟ್ಟೆಯಿಂದ ಫಾರಿನ್ ಆರ್ಡರ್‌ವರೆಗೆ: ಕೈಕಾಗದ ಎಕ್ಸ್‌ಪೋರ್ಟ್ ಮಾಡೋದು ಹೆಂಗೆ?

ದಾವಣಗೆರೆಯಲ್ಲಿ ನಂದೊಂದು ಲಗ್ನಪತ್ರಿಕೆ ಅಂಗಡಿ. ವಾಟ್ಸಾಪಲ್ಲೇ ಮದ್ವೆಗೆ ಕರೆಯೋ ಕಾಲ ಬಂದ ಮೇಲೆ ಸೀಸನ್ನಲ್ಲೂ ನೊಣ ಹೊಡ್ಕೊಂಡು ಕೂರೋ ಹಂಗಾಗಿತ್ತು, ಆಗ್ಲೂ ಕೆಲವರು ಬಂದು ಕೇಳ್ತಿದ್ದಿದ್ದು ಮಾತ್ರ ದಪ್ಪಗೆ ಒರಟಾಗಿ ಅಂಚು ಹರಿದ ಹಂಗಿರೋ ಕೈಕಾಗದದ ಕಾರ್ಡು. ಅದನ್ನ ರಾಜಸ್ಥಾನದಿಂದ ತರಿಸಿ ತರಿಸಿ ಸಾಕಾಗಿ ಹರಿಹರ ರೋಡಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ನಾನೇ ಮಾಡೋಕೆ ಶುರು ಮಾಡ್ದೆ. ಈಗ ವಾರಕ್ಕೊಬ್ರಾದ್ರೂ ಬಂದು "ಅಣ್ಣಾ, ಇದನ್ನ ಫಾರಿನ್ನಿಗೆ ಕಳಿಸ್ಬೋದಂತಲ್ಲ, ಹೆಂಗೆ?" ಅಂತಾರೆ. ಒಬ್ಬೊಬ್ರಿಗೂ ಟೀ ಕುಡಿಸಿ ಹೇಳೋ ಬದ್ಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದೀನಿ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಸ್ಯಾಂಪಲ್ ಹಾಳೆ ಯಾರು ಬೇಕಾದ್ರೂ ಚಂದ ಮಾಡ್ತಾರೆ, ಐನೂರನೇ ಹಾಳೆನೂ ಸ್ಯಾಂಪಲ್ ಥರಾನೇ ಬರ್ಬೇಕಲ್ಲ, ಅಲ್ಲಿರೋದು ನೋಡ್ರಿ ಕಷ್ಟ.

ನೇಪಾಳದೋರು ಏನು ಮಾಡಿದ್ರು

ಈ ಧಂದೆಗೆ ಇಳಿಯೋ ಮುಂಚೆ ನೇಪಾಳದ ಲೋಕ್ತಾ ಕಾಗದದ ಕಥೆ ಕೇಳ್ರಿ. ಅಲ್ಲಿ ಸುಮಾರು 1,600 ಮೀಟರಿಗಿಂತ ಮೇಲೆ ಹಿಮಾಲಯದ ಕಾಡಲ್ಲಿ ಡ್ಯಾಫ್ನೆ ಅನ್ನೋ ಜಾತಿ ಪೊದೆ ಬೆಳೀತದೆ, ಅದರ ಒಳತೊಗಟೆ ಸುಲಿದು ಬೇಯಿಸಿ, ಕುಟ್ಟಿ, ಕಾಗದ ಮಾಡ್ತಾರೆ. ಬುಡ ಉಳಿಸಿ ಕತ್ತರಿಸಿದ್ರೆ ಕೆಲವು ವರ್ಷದಲ್ಲಿ ಮತ್ತೆ ಚಿಗುರ್ತದೆ, ಗಿಡ ಸಾಯಲ್ಲ. ಹುಳ ಹತ್ತಲ್ಲ ಅಂತ ಧರ್ಮಗ್ರಂಥಕ್ಕೂ ಸರ್ಕಾರಿ ಪತ್ರಕ್ಕೂ ಅದನ್ನೇ ಬಳಸ್ತಿದ್ರು. ಮಿಲ್ ಕಾಗದ ಬಂದ ಮೇಲೆ ಕೇಳೋರಿಲ್ದೆ ಕುಸಿದಿತ್ತು. 1980ರ ದಶಕದಲ್ಲಿ ಯುನಿಸೆಫ್‌ನೋರು ತಮ್ಮ ಗ್ರೀಟಿಂಗ್ ಕಾರ್ಡಿಗೆ ಆ ಕಾಗದ ಬಳಸೋ ಯೋಜನೆಗೆ ಕೈ ಹಾಕಿದ ಮೇಲೆ ಎದ್ದು ನಿಲ್ತು. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಹಾಳೆ, ಭಕ್ತಪುರದಲ್ಲಿ ಪ್ರಿಂಟಿಂಗು, ಅಲ್ಲಿಂದ ಹೊರದೇಶ. ಅವರು ಹಾಳೆನ ಹಾಳೆಯಾಗೇ ಕೆಜಿ ಲೆಕ್ಕದಲ್ಲಿ ಮಾರಿದ್ರೆ ಇವತ್ತಿಗೂ ಅಲ್ಲೇ ಇರ್ತಿದ್ರು ಅಂತ ನನ್ ಅನಿಸಿಕೆ. ಕಾರ್ಡು, ನೋಟ್‌ಬುಕ್ಕು, ಲ್ಯಾಂಪ್‌ಶೇಡ್ ಮಾಡಿ ಮಾರಿದ್ರು ನೋಡ್ರಿ, ಅಲ್ಲೇ ಇದ್ದಿದ್ದು ದುಡ್ಡು.

ಲೋಕ್ತಾ ನಮಗೆ ಸಿಗಲ್ಲ, ಸಿಗೋದೂ ಬೇಡ. ನಮ್ ದೇಶದ ಕೈಕಾಗದಕ್ಕೆ ಹತ್ತಿ ಚಿಂದಿನೇ ಜೀವಾಳ. 1934ರಲ್ಲಿ ವಾರ್ಧಾದಲ್ಲಿ ಗ್ರಾಮೋದ್ಯೋಗ ಸಂಘ ಶುರುವಾದಾಗ ಗಾಂಧೀಜಿ ಜತೆಗಿದ್ದ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪನವರು ಕೈಕಾಗದಕ್ಕೂ ಜಾಗ ಕೊಟ್ಟಿದ್ರು, ಜೈಪುರದ ಹತ್ರ ಸಾಂಗಾನೇರ್‌ನಲ್ಲಿ ಅವರ ಹೆಸರಿನ ಕೈಕಾಗದ ಸಂಸ್ಥೆನೇ ಇದೆ, ಟ್ರೈನಿಂಗ್ ಕೊಡ್ತಾರೆ, ಹೋಗಿ ಬನ್ರಿ. ಇನ್ನು ನಮ್ ಕಡೆಗೆ ಇದು ಹೊಸದು ಅಂತ ಯಾರಾದ್ರೂ ಅಂದ್ರೆ 'ಕಡತ' ಅನ್ನೋ ಪದ ನೆನಪು ಮಾಡಿಕೊಡ್ರಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಪುಡಿ ಬಳಿದು ಒಣಗಿಸಿ, ಮಡಚಿ, ಬಳಪದಲ್ಲಿ ಲೆಕ್ಕ ಬರೀತಿದ್ರು, ಅದೇ ಕಡತ. ಇವತ್ತು ತಾಲ್ಲೂಕಾಫೀಸಲ್ಲಿ "ಕಡತ ಮುಂದಕ್ಕೆ ಹೋಗಿಲ್ಲ" ಅಂತಾರಲ್ಲ, ಅದರ ಮೂಲ ಬಟ್ಟೆನೇ ಸ್ವಾಮಿ.

ಚಿಂದಿ ಆರಿಸೋದು

ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್, ಹತ್ತಿ ಮಿಲ್ಲುಗಳ ಊರು. ಮಿಲ್ಲು ಹೋದ್ವು, ಹೊಲಿಗೆ ಹೋಗಿಲ್ಲ. ಟೈಲರ್ ಅಂಗಡಿ, ಗಾರ್ಮೆಂಟ್ಸು, ಗುಜರಿಯೋರ ಹತ್ರ ಕಟಿಂಗ್ ಚಿಂದಿ ಸಿಗ್ತದೆ. ಚಿತ್ರದುರ್ಗ ಜಿಲ್ಲೆಯೋರಿಗೆ ಇನ್ನೊಂದು ಅದೃಷ್ಟ, ಮೊಳಕಾಲ್ಮೂರು ದಾಟಿದ್ರೆ ಬಳ್ಳಾರಿ, ಅಲ್ಲಿ ಜೀನ್ಸ್ ಹೊಲಿಯೋ ಯೂನಿಟ್ಟು ಬೇಕಾದಷ್ಟು. ಜೀನ್ಸ್ ಚಿಂದಿಯಿಂದ ಬರೋ ಹಾಳೆಗೆ ಬಣ್ಣ ಹಾಕೋದೇ ಬೇಡ, ನೀಲಿ ತಾನಾಗೇ ಬರ್ತದೆ, ಬಯ್ಯರಿಗೆ ಹೇಳೋಕೆ ಒಂದು ಕಥೆನೂ ಆಯ್ತು.

ಆದ್ರೆ ಈಗಿನ ಜೀನ್ಸಲ್ಲಿ ಎಳೆದ್ರೆ ಹಿಗ್ಗೋ ಲೈಕ್ರಾ ಇರ್ತದೆ. ಅದು ಬೀಟರಲ್ಲಿ, ಅಂದ್ರೆ ಚಿಂದಿ ಅರೆಯೋ ಮಿಷಿನ್ನಲ್ಲಿ, ಅರೆಯಲ್ಲ, ಹಾಳೆ ತುಂಬ ಕೂದಲು ಥರ ಎದ್ದು ನಿಲ್ತದೆ. ಅದಕ್ಕೆ ಪ್ರತಿ ಮೂಟೆಯಿಂದ ನಾಲ್ಕೈದು ತುಂಡು ತೆಗೆದು ಬೆಂಕಿ ಹಚ್ಚಿ ನೋಡ್ರಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಆಗ್ತದೆ, ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಕಟ್ತದೆ. ಗುಜರಿಯೋರು "ಪೂರ್ತಿ ಕಾಟನ್ ಸಾರ್" ಅಂತ ದೇವರ ಮೇಲೆ ಆಣೆ ಮಾಡ್ತಾರೆ, ಮಾಡ್ಲಿ, ನೀವು ಬೆಂಕಿಕಡ್ಡಿ ಗೀರ್ರಿ. ಗುಂಡಿ, ಜಿಪ್ಪು, ಹೊಲಿಗೆ ದಾರ ತೆಗೆಯೋ ಕೆಲಸ ಬೇಜಾರಿಂದೇ, ಆದ್ರೆ ಹೆಚ್ಚು ಕಮ್ಮಿ ಅರ್ಧ ಕ್ವಾಲಿಟಿ ಇಲ್ಲೇ ತೀರ್ಮಾನ ಆಗೋದು. ನಮ್ ಶೆಡ್ಡಲ್ಲಿ ಈ ಕೆಲಸ ಮಾಡೋ ಅಕ್ಕೋರು ಬಟ್ಟೆ ಮುಟ್ಟಿದ ಕೂಡ್ಲೇ ಹೇಳ್ತಾರೆ, ನಂಗೆ ಇನ್ನೂ ಕಡ್ಡಿ ಬೇಕು.

ಬಾಳೆದಿಂಡು, ಪುಂಡಿ ನಾರು, ಕತ್ತಾಳೆ ಇವನ್ನೂ ಬೆರೆಸ್ಬೋದು, ಚೆನ್ನಾಗೇ ಬರ್ತದೆ. ಆದ್ರೆ ನಾರನ್ನ ಸೋಡಾ ಹಾಕಿ ಬೇಯಿಸ್ಬೇಕು, ಆ ನೀರನ್ನ ಹಂಗೇ ಚರಂಡಿಗೆ ಬಿಡೋ ಹಂಗಿಲ್ಲ. ಮೊದಲ ವರ್ಷ ಚಿಂದಿಯಲ್ಲೇ ಕೈ ಪಳಗಲಿ.

ಹಾಳೆ ಎತ್ತೋದು

ಚಿಂದಿನ ಒಂದಿಂಚು ತುಂಡು ಮಾಡಿ ನೀರಿನ ಜತೆ ಹಾಲೆಂಡರ್ ಬೀಟರಿಗೆ ಹಾಕ್ಬೇಕು. ಉದ್ದನೆ ತೊಟ್ಟಿ, ಒಳಗೆ ಬ್ಲೇಡ್ ಇರೋ ರೋಲರ್ ತಿರುಗ್ತದೆ. ಎಷ್ಟು ಗಂಟೆ ಅಂದ್ರೆ ಬಟ್ಟೆ ಮೇಲೆ ಹೋಗ್ತದೆ, ಅರ್ಧ ದಿನ ಅಂತ ಇಟ್ಕೊಳ್ರಿ. ಪಲ್ಪ್ (ಅರೆದ ನಾರಿನ ಗಂಜಿ) ಆಯ್ತೋ ಇಲ್ವೋ ಗೊತ್ತಾಗೋಕೆ ಒಂದು ಚಿಟಿಕೆ ತೆಗೆದು ಗಾಜಿನ ಲೋಟದ ನೀರಲ್ಲಿ ಕದಡಿ ಬೆಳಕಿಗೆ ಹಿಡೀರಿ, ಗಂಟು ಕಾಣಬಾರ್ದು, ಮೋಡ ಥರ ತೇಲ್ಬೇಕು.

ಆಮೇಲೆ ಸೈಜಿಂಗ್, ಅಂದ್ರೆ ಇಂಕು ಹರಡದಂಗೆ ಮಾಡೋದು. ಹಳೇ ಪದ್ಧತಿ ರಾಳ ಮತ್ತೆ ಪಟಿಕ. ಅಗ್ಗ, ಆದ್ರೆ ಕಾಗದ ಆಮ್ಲ ಆಗಿ ವರ್ಷ ಕಳೆದಂಗೆ ಹಳದಿ ತಿರುಗಿ ಮುರೀತದೆ. ಹೊರದೇಶದ ಆರ್ಟಿಸ್ಟು, ಬೈಂಡಿಂಗ್ ಮಾಡೋರು ಮೊದ್ಲು ಕೇಳೋದೇ "ಆಸಿಡ್ ಫ್ರೀನಾ?" ಅಂತ. ಎಕೆಡಿ ಅನ್ನೋ ಆಮ್ಲ ಮಾಡದ ಸೈಜಿಂಗ್ ಪದಾರ್ಥ ಸಿಗ್ತದೆ, ಅದನ್ನ ಹಾಕ್ರಿ, ಆಮ್ಲ ಇದ್ಯಾ ಅಂತ ಬಣ್ಣದಲ್ಲಿ ತೋರ್ಸೋ ಪಿಎಚ್ ಪೆನ್ನಲ್ಲಿ ಗೀಚಿ ನೋಡ್ರಿ. ನಮ್ ಕಡೆ ಬೋರ್ ನೀರು ಗಡಸು, ಕಬ್ಬಿಣದಂಶ ಇದ್ರೆ ಬಿಳಿ ಹಾಳೆ ಮೇಲೆ ತುಕ್ಕಿನ ಚುಕ್ಕೆ ಬೀಳ್ತದೆ. ನಾನು ಮಳೆನೀರು ಹಿಡಿಯೋ ತೊಟ್ಟಿ ಕಟ್ಟಿಸಿದ್ದು ಪರಿಸರಪ್ರೇಮದಿಂದ ಏನಲ್ಲ, ಈ ಚುಕ್ಕೆ ಕಾಟಕ್ಕೆ.

ಜಾಲರಿ ಚೌಕಟ್ಟನ್ನ ಪಲ್ಪ್ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿ, ಹಾಳೆನ ಬಟ್ಟೆ ಮೇಲೆ ಮಗುಚಿ, ಅದರ ಮೇಲೊಂದು ಬಟ್ಟೆ, ಮತ್ತೊಂದು ಹಾಳೆ, ಹಿಂಗೆ ಅಟ್ಟಿ ಮಾಡಿ ಪ್ರೆಸ್ಸಲ್ಲಿ ಹಿಂಡಿ ನೆರಳಲ್ಲಿ ನೇತು ಹಾಕೋದು. ನೇಪಾಳದಲ್ಲಿ ಮಗುಚೋದೇ ಇಲ್ಲ, ಹಾಳೆ ಚೌಕಟ್ಟಲ್ಲೇ ಬಿಸಿಲಿಗೆ ಒಣಗ್ತದೆ, ಅದಕ್ಕೇ ಒಂದೊಂದು ಹಾಳೆಗೂ ಒಂದೊಂದು ಚೌಕಟ್ಟು ಬೇಕು. ದುರ್ಗದ ಕಡೆಯೋರು ಗಾಳಿ ಬಗ್ಗೆ ಹುಷಾರು. ಜೋಗಿಮಟ್ಟಿ ಗುಡ್ಡದ ಮೇಲೆ ಸುಮ್ನೆ ಕರೆಂಟ್ ಮಾಡೋ ಗಾಳಿ ಫ್ಯಾನ್ ನಿಲ್ಸಿಲ್ಲ, ಆ ಗಾಳಿಗೆ ಹಾಳೆ ಒಂದೇ ಗಂಟೆಗೆ ಒಣಗಿ ಹಪ್ಪಳದ ಥರ ಸೊಟ್ಟಗಾಗ್ತದೆ, ಮೇಲಿಂದ ಧೂಳು ಬೇರೆ. ಗೋಡೆ ಇರೋ ಶೆಡ್ಡೇ ಬೇಕು.

ನಾನು ಮುಗ್ಗರಿಸಿದ್ದು

ಮೊದಲ ಫಾರಿನ್ ಆರ್ಡರು ಜೀನ್ಸ್ ಹಾಳೆದು, 500. ಸ್ಯಾಂಪಲ್ ನೋಡಿ ಬಯ್ಯರಮ್ಮ ಹೊಗಳಿದ್ದೂ ಹೊಗಳಿದ್ದೇ. ನಾನು ಮುನ್ನೂರು ಹಾಳೆ ಒಂದು ಮೂಟೆಯಿಂದ ಎತ್ತಿದೆ, ಅಷ್ಟರಲ್ಲಿ ಚಿಂದಿ ಖಾಲಿ, ಇನ್ನೊಂದು ಮೂಟೆ ತರಿಸ್ದೆ, ಅದೂ ನೀಲಿನೇ ಅಲ್ವಾ ಅಂದ್ಕೊಂಡೆ. ಒದ್ದೆಯಲ್ಲಿ ಎರಡೂ ಒಂದೇ ಥರ ಕಾಣ್ತಿತ್ತು. ಒಣಗಿದ ಮೇಲೆ ನೋಡ್ತೀನಿ, ಒಂದು ಮಧ್ಯಾಹ್ನದ ಆಕಾಶ, ಇನ್ನೊಂದು ಸಂಜೆ ಮಳೆ ಮೋಡ. ಟೈಮಿಲ್ಲ ಅಂತ ಬೆರೆಸಿ ಕಳಿಸ್ದೆ. ಆಯಮ್ಮ ಅದರಲ್ಲಿ ಆಲ್ಬಮ್ ಮಾಡೋರು, ಒಂದೇ ಆಲ್ಬಮ್ಮಲ್ಲಿ ಎರಡು ಬಣ್ಣ ಬಂತು, ಇನ್ನೂರು ಹಾಳೆ ದುಡ್ಡು ಹೋಯ್ತು, ಆ ಗಿರಾಕಿನೂ ಹೋದ್ರು. ಅವತ್ತಿಂದ ಆರ್ಡರಿಗೆ ಬೇಕಾದಷ್ಟು ಚಿಂದಿ ಪೂರ್ತಿ ತಂದು, ರಾಶಿ ಹಾಕಿ ಕಲೆಸಿ, ಆಮೇಲೇ ಬೀಟರ್ ಆನ್ ಮಾಡೋದು.

ತೂಕ, ರೇಟು

ಸಾಮಾನ್ಯವಾಗಿ ಓಡೋ ಸೈಜು 22ಕ್ಕೆ 30 ಇಂಚು. 150 ಜಿಎಸ್ಎಂ (ಒಂದು ಚದರ ಮೀಟರಿಗೆ 150 ಗ್ರಾಂ) ಅಂದ್ರೆ ಒಂದು ಹಾಳೆ ಹತ್ತತ್ರ 64 ಗ್ರಾಂ, 500 ಹಾಳೆ ಅಂದ್ರೆ 32 ಕೆಜಿ. ಈ ಲೆಕ್ಕ ಬಾಯಿಪಾಠ ಇರ್ಲಿ, ಯಾಕಂದ್ರೆ ಸಾಗಾಟದ ಖರ್ಚೇ ಒಂದೊಂದ್ಸಲ ಹಾಳೆ ಖರ್ಚನ್ನ ನುಂಗ್ತದೆ. ಗಿಫ್ಟ್ ಬಾಕ್ಸ್ ಥರದ್ದು ಮಾಡಿದ್ರೆ ಇನ್ನೊಂದು ಮೋಸ ಇದೆ. ಏರ್ ಕೊರಿಯರ್‌ನೋರು ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ. 60 ಸೆಂಟಿಮೀಟರ್ ಚೌಕದ ಡಬ್ಬ ಆದ್ರೆ ಒಳಗೆ ಎಂಟೇ ಕೆಜಿ ಇದ್ರೂ 43 ಕೆಜಿ ದುಡ್ಡು ಕಕ್ಕಬೇಕು, ಅಂದ್ರೆ ಗಾಳಿಗೆ ಬಾಡಿಗೆ ಕಟ್ದಂಗೆ. ಅದಕ್ಕೆ ಚಪ್ಪಟೆ ಮಡಚಿ, ಅಲ್ಲಿ ಬಿಚ್ಚಿ ನಿಲ್ಲಿಸೋ ಡಿಸೈನ್ ಮಾಡ್ರಿ. ರೇಟ್ ಹೇಳುವಾಗ ನಮ್ ಶೆಡ್ ಬಾಗಿಲ ರೇಟಾ, ಹಡಗಿಗೆ ಹತ್ತಿಸೋವರೆಗಿನ ಎಫ್‌ಒಬಿನಾ ಅಂತ ಬರೆದೇ ಹೇಳ್ರಿ.

ಕಾಗದ ಪತ್ರ

ಕಾಗದ ಮಾರೋಕೂ ಕಾಗದ ಬೇಕು, ಏನು ಮಾಡೋದು. ಮೊದ್ಲು ಸಣ್ಣ ಉದ್ದಿಮೆಗೆ ಮಾಡಿಸೋ ಉದ್ಯಮ್ ರಿಜಿಸ್ಟ್ರೇಷನ್, ಜಿಎಸ್‌ಟಿ, ಕರೆಂಟ್ ಅಕೌಂಟ್. ಆಮೇಲೆ ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆ ಡಿಜಿಎಫ್‌ಟಿ ವೆಬ್‌ಸೈಟಲ್ಲಿ ಐಇಸಿ, ಅಂದ್ರೆ ಇಂಪೋರ್ಟ್ ಎಕ್ಸ್‌ಪೋರ್ಟ್ ಮಾಡೋರ ನಂಬರ್, ಫೀಸು 500 ರೂಪಾಯಿ, ಮನೆಯಲ್ಲೇ ಕೂತು ಮಾಡ್ಬೋದು, ಇದಕ್ಕೆ ಸಾವಿರಾರು ರೂಪಾಯಿ ಕೇಳೋ ಏಜೆಂಟರಿದಾರೆ, ಕೊಡಬೇಡ್ರಿ. ಒಂದ್ಸಲ ತಗೊಂಡ್ರೆ ಮುಗೀಲಿಲ್ಲ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಆನ್‌ಲೈನಲ್ಲಿ ಅಪ್‌ಡೇಟ್ ಮಾಡ್ಬೇಕು. ಎಕ್ಸ್‌ಪೋರ್ಟ್ ಮಾಲಿನ ಜಿಎಸ್‌ಟಿ (ಐಜಿಎಸ್‌ಟಿ) ಕಟ್ಟದೆ ಕಳಿಸೋಕೆ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ವರ್ಷಕ್ಕೊಂದ್ಸಲ ಹಾಕ್ಬೇಕು, ಆಡಿಟರಿಗೆ ಹೇಳಿದ್ರೆ ಐದು ನಿಮಿಷದ ಕೆಲಸ. ಕಸ್ಟಮ್ಸಿಗೆ ಯಾವ ಮಾಲು ಅಂತ ಹೇಳೋ ಎಚ್‌ಎಸ್ ಕೋಡ್ ಕೈಕಾಗದಕ್ಕೆ 480210, ಅದೇ ನೋಟ್‌ಬುಕ್ ಮಾಡಿದ್ರೆ 4820, ಬ್ಯಾಗು ಡಬ್ಬ ಆದ್ರೆ 4819. ತಪ್ಪು ಬರೆದ್ರೆ ಪಾರ್ಸೆಲ್ ಕಸ್ಟಮ್ಸಲ್ಲಿ ಕೂರ್ತದೆ.

ಬಂಡವಾಳಕ್ಕೆ ಪಿಎಂಇಜಿಪಿ ಅನ್ನೋ ಕೇಂದ್ರ ಸರ್ಕಾರದ ಸಾಲ-ಸಬ್ಸಿಡಿ ಯೋಜನೆ ಇದೆ, ಜನರಲ್ ಕೆಟಗರಿಗೆ ಪಟ್ಟಣದಲ್ಲಿ 15, ಹಳ್ಳಿಯಲ್ಲಿ 25 ಪರ್ಸೆಂಟ್ ಸಬ್ಸಿಡಿ, ಮಹಿಳೆಯರು, ಎಸ್‌ಸಿ ಎಸ್‌ಟಿ ಮುಂತಾದೋರಿಗೆ 25 ಮತ್ತೆ 35. ಶೆಡ್ ಊರಾಚೆ ಹಳ್ಳಿ ವ್ಯಾಪ್ತಿಯಲ್ಲಿ ಹಾಕೋದು ಯಾಕೆ ಲಾಭ ಅಂತ ಈಗ ಗೊತ್ತಾಯ್ತಲ್ಲ.

ಗಿರಾಕಿ

ಸೀದಾ ಕಂಟೇನರ್ ಕನಸು ಕಾಣಬೇಡ್ರಿ. ಚಿಕ್ಕ ಚಿಕ್ಕ ಪಾರ್ಸೆಲ್ಲಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ವ್ಯವಸ್ಥೆ ಇದೆ, ಕಸ್ಟಮ್ಸ್ ಬಿಲ್ ಆನ್‌ಲೈನಲ್ಲೇ ತುಂಬ್ಬೋದು, ಹೆಡ್ ಪೋಸ್ಟ್ ಆಫೀಸಲ್ಲಿ ವಿಚಾರಿಸ್ರಿ. ಬುಕ್‌ಬೈಂಡಿಂಗ್ ಮಾಡೋರು, ವೆಡ್ಡಿಂಗ್ ಕಾರ್ಡ್ ಡಿಸೈನರ್‌ಗಳು, ವಾಟರ್‌ಕಲರ್ ಪೇಂಟ್ ಮಾಡೋರು, ಇಂಥೋರು ಐವತ್ತು ನೂರು ಹಾಳೆ ತಗೋತಾರೆ. ಅಲ್ಲಿ ಹಲ್ಲು ಮೂಡಿದ ಮೇಲೆ ಕರಕುಶಲ ವಸ್ತು ಎಕ್ಸ್‌ಪೋರ್ಟ್ ಮಾಡೋರ ಮಂಡಳಿ ಇಪಿಸಿಎಚ್‌ಗೆ ಮೆಂಬರ್ ಆಗಿ ಗ್ರೇಟರ್ ನೋಯ್ಡಾದಲ್ಲಿ ವರ್ಷಕ್ಕೆರಡು ಸಲ ನಡೆಯೋ ಹ್ಯಾಂಡಿಕ್ರಾಫ್ಟ್ ಮೇಳ ನೋಡ್ಕೊಂಡು ಬನ್ರಿ. ಮೊದಲ ಸಲ ಸ್ಟಾಲ್ ಹಾಕ್ಬೇಡ್ರಿ, ಸುಮ್ನೆ ತಿರುಗ್ರಿ.

ಬೀಜದ ಕಾಗದಕ್ಕೆ ಬಹಳ ಜನ ಆಸೆ ಪಡ್ತಾರೆ, ತುಳಸಿ ಬೀಜ ಹಾಕಿದ ಕಾರ್ಡು, ನೆಟ್ರೆ ಗಿಡ. ಊರಲ್ಲಿ ಮಾರ್ರಿ, ತಕರಾರಿಲ್ಲ. ಹೊರದೇಶಕ್ಕೆ ಬೀಜ ಅಂದ ಕೂಡ್ಲೇ ಅದು ಸಸ್ಯ ಕ್ವಾರಂಟೈನ್ ವಿಷಯ, ರೋಗ, ಹುಳ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಕೇಳ್ತಾರೆ, ಇಲ್ಲಾಂದ್ರೆ ಅಲ್ಲೇ ಸುಟ್ಟು ಹಾಕಿದ್ರೂ ಹಾಕಿದ್ರೇ.

ದುಡ್ಡಿನ ವಿಷಯದಲ್ಲಿ ಹೊಸ ಗಿರಾಕಿ ಆದ್ರೆ ಅರ್ಧ ಅಡ್ವಾನ್ಸು, ಉಳಿದದ್ದು ಮಾಲು ಹೊರಡೋ ಮುಂಚೆ. "ನಂಬಿಕೆ ಇಲ್ವಾ" ಅಂತ ಕೇಳ್ತಾರೆ, ಇದೆ ಅಂತ ನಗ್ತಾ ಹೇಳ್ರಿ, ಅಡ್ವಾನ್ಸ್ ಮಾತ್ರ ಬಿಡಬೇಡ್ರಿ.

ಪ್ಯಾಕಿಂಗು

ಕಾಗದ ನೀರು ಹೀರೋ ಪದಾರ್ಥ. ದಾವಣಗೆರೆ ಬಿಸಿಲಲ್ಲಿ ಗರಿಗರಿ ಇದ್ದದ್ದು ಮಂಗಳೂರು ಬಂದರಿನ ಗೋಡೌನಲ್ಲಿ ನಾಲ್ಕು ದಿನ ಕೂತ್ರೆ ಮಂಡಕ್ಕಿ ಮೆತ್ತಗಾದಂಗೆ ಆಗ್ತದೆ, ಹಡಗಿನ ಕಂಟೇನರ್ ಒಳಗಂತೂ ರಾತ್ರಿ ತಂಪಿಗೆ ಛಾವಣಿಯಿಂದ ನೀರೇ ತೊಟ್ಟಿಕ್ಕೋದುಂಟು. 25 ಹಾಳೆಗೊಂದು ಕಟ್ಟು, ಪ್ಲಾಸ್ಟಿಕ್ ಸುತ್ತು, ಸಿಲಿಕಾ ಜೆಲ್ ಪೊಟ್ಟಣ, ಮೇಲೆ ಕೆಳಗೆ ಗಟ್ಟಿ ರಟ್ಟು, ಮೂಲೆಗೆ ಕಾರ್ನರ್. ಮರದ ಪೆಟ್ಟಿಗೆ ಇಲ್ಲಾ ಪ್ಯಾಲೆಟ್ ಆದ್ರೆ ಶಾಖಕ್ಕೆ ಒಡ್ಡಿದ ಸೀಲು, ಐಎಸ್‌ಪಿಎಂ 15 ಅಂತಾರೆ, ಅದು ಇರಲೇಬೇಕು. ಮಳೆಗಾಲದಲ್ಲಿ ಹಾಳೆ ಕೈಗೆ ತಣ್ಣಗೆ ಅನಿಸಿದ್ರೆ ಅವತ್ತು ಪ್ಯಾಕ್ ಮಾಡ್ಲೇಬೇಡ್ರಿ, ಬೂಸ್ಟು ಹಿಡಿದೇ ಹಿಡೀತದೆ.

ಟೇಪ್ ಹಾಕೋ ಮುಂಚೆ ಆ ಲಾಟಿಂದ ಎರಡು ಹಾಳೆ ತೆಗೆದಿಟ್ಕೊಳ್ರಿ. ಹಿಂದುಗಡೆ ಪೆನ್ಸಿಲಲ್ಲಿ ತಾರೀಖು, ಯಾವ ಚಿಂದಿ, ಬೀಟರ್ ಎಷ್ಟು ಗಂಟೆ ಓಡ್ತು, ಸೈಜಿಂಗಿಗೆ ಎಕೆಡಿ ಎಷ್ಟು ಹಾಕಿದ್ರಿ ಅಂತ ಬರೆದು ಬೀರುವಲ್ಲಿ ಕತ್ತಲಲ್ಲಿಡ್ರಿ. ವರ್ಷ ಬಿಟ್ಟು ಅದೇ ಗಿರಾಕಿ "ಲಾಸ್ಟ್ ಟೈಮ್ ಕಳಿಸಿದ್ದೇ ಬೇಕು" ಅಂತ ಮೆಸೇಜ್ ಹಾಕಿದಾಗ ಬೀಟರ್ ಆನ್ ಮಾಡೋ ಮುಂಚೆ ತೆಗೆದು ಎದುರಿಗಿಟ್ಕೊಳ್ಳೋದು ಅದನ್ನೇ.